ಮೀಸಲಿನ ಪಂಚನಾಮೆ

ಈ ಕಥೆಯನ್ನು ಮೊದಲು ಹೇಳಿದವಳು ನಿಂಗಕ್ಕ. 2024ರ ಶ್ರಾವಣದ ಎರಡನೆಯ ಸೋಮವಾರ ಮಧ್ಯಾಹ್ನ, ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ, ಮಗಳ ಮನೆಯ ಜಗುಲಿಯ ಮೇಲೆ ಕುಳಿತು, ರಾಟೆಯಲ್ಲಿ ಮಗ್ಗದ ಲಾಳಿಗೆ ರೇಷ್ಮೆಯ ಕಂಡಿಕೆ ಸುತ್ತುತ್ತ ಹೇಳಿದಳು. ಕೇಳಿದವರು ಅದೇ ಕೆಲಸ ಹಿಡಿದು ಕುಳಿತಿದ್ದ ಏಳೆಂಟು ಹೆಂಗಸರು. ನಿಂಗಕ್ಕನಿಗೆ ಆಗ ಅರವತ್ತೆಂಟು ವರ್ಷ. ಸಿದ್ದಾಪುರಕ್ಕೆ ಕೊಟ್ಟ ಹೆಣ್ಣು. ಗಂಡ ತೀರಿದ ಮೇಲೆ ಮಗಳ ಜೊತೆ ಇರುವವಳು. ತವರು ಚಳ್ಳಕೆರೆ ತಾಲ್ಲೂಕಿನಲ್ಲಿ, ನನ್ನಿವಾಳದಿಂದಾಚೆಯ ಕರೇಗುಂಡಿನ ಹಟ್ಟಿ. ಕಥೆಯಲ್ಲಿ ಬರುವ ಯಜಮಾನ ದೊಡ್ಡೀರಪ್ಪ ಅವಳ ಒಡಹುಟ್ಟಿದ ತಮ್ಮ.

ಇದೇ ಸಂಗತಿಯನ್ನು ಚಳ್ಳಕೆರೆಯ ಹೋಟೆಲುಗಳಲ್ಲಿ ಬೇರೆ ರೀತಿ ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಹಟ್ಟಿಯ ದೇವರ ಎತ್ತು ಸತ್ತದ್ದು ಹಾವು ಕಡಿದು. ನಿಂಗಕ್ಕ ಹಾಗೆ ಹೇಳುವುದಿಲ್ಲ. ಅರ್ಧ ಸಂಗತಿಯನ್ನು ಅವಳು ಕಣ್ಣಾರೆ ಕಂಡಿದ್ದಾಳೆ; ಉಳಿದರ್ಧವನ್ನು ಕಥೆಯ ಹುಡುಗಿಯ ಬಾಯಿಂದಲೇ ಕೇಳಿದ್ದಾಳೆ. ಮುಂದಿರುವುದು ಅವಳು ಹೇಳಿದ ಕ್ರಮ.

ಹುಡುಗಿಯ ಹೆಸರು ಸೌಂದರ್ಯ. ಕಿಲಾರಿ ಎರ್ರಿಸ್ವಾಮಿಯ ಒಬ್ಬಳೇ ಮಗಳು. ಹಟ್ಟಿಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲನೆಯವಳು. ಕಿಲಾರಿ ಎಂದರೆ ದೇವರ ಎತ್ತುಗಳನ್ನು ಕಾಯುವವನು. ಆ ಎತ್ತುಗಳಿಗೆ ನೊಗ ಹೂಡುವಂತಿಲ್ಲ, ಅವುಗಳನ್ನು ಮಾರುವಂತಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವಂತೆಯೇ ಮಣ್ಣು ಮಾಡಿ ಹನ್ನೊಂದನೆಯ ದಿನದ ಕಾರ್ಯ ನಡೆಸಬೇಕು. ಊರ ಹೊರಗೆ ಮುಳ್ಳುಬೇಲಿಯ ರೊಪ್ಪದಲ್ಲಿ ಎರ್ರಿಸ್ವಾಮಿ ನಲವತ್ತಾರು ಎತ್ತುಗಳ ಜೊತೆ ಬಾಳುತ್ತಿದ್ದ. ಅವನ ತಂದೆ, ತಾತ, ಮುತ್ತಾತ ಎಲ್ಲರೂ ಅದೇ ರೊಪ್ಪದಲ್ಲಿ ಮಲಗಿ ಎದ್ದವರು. ಸೌಂದರ್ಯ ನಾಲ್ಕು ವರ್ಷದವಳಿದ್ದಾಗ ಅವನ ತಂದೆ ತೀರಿ ಕಿಲಾರಿಯ ಕೋಲು ಅವನ ಕೈಗೆ ಬಂದಿತ್ತು. ಅಲ್ಲಿಂದ ಅವಳು ಅಪ್ಪನನ್ನು ಕಂಡದ್ದೆಲ್ಲ ಬೇಲಿಯ ಈಚೆ ನಿಂತೇ.

ಎಂ.ಎಸ್ಸಿ.ಯ ಎರಡನೆಯ ವರ್ಷದಲ್ಲಿದ್ದ ಅವಳು 2023ರ ಯುಗಾದಿಗೆಂದು ಊರಿಗೆ ಹೊರಟಿದ್ದಳು. ಚಳ್ಳಕೆರೆಯಲ್ಲಿ ಹತ್ತಿದ ಬಸ್ಸಿನಲ್ಲಿ ಯಜಮಾನನ ಮಗ ಮಾರುತೇಶ ಹಿಂದಿನ ಸೀಟಿನಿಂದ ತಲೆ ಚಾಚಿ ಕೇಳಿದ.

"ಏನಮ್ಮಿ, ಇನ್ನೂ ಓದ್ತಾನೇ ಇದ್ದೀಯಾ? ಏನಂತೆ ಅದು?"

"ವಿಧಿವಿಜ್ಞಾನ."

"ಹಂಗಂದ್ರೆ?"

"ಯಾರಾದ್ರೂ ಸತ್ರೆ ಹೆಂಗೆ ಸತ್ರು, ಯಾತ್ರಿಂದ ಸತ್ರು ಅಂತ ಕಂಡುಹಿಡಿಯೋದು."

"ಅಂದ್ರೆ ಹೆಣ ನೋಡ್ತೀಯಾ?"

"ನೋಡ್ತೀನಿ. ಮೂರು ಶವಪರೀಕ್ಷೆ ನೋಡಿದೀನಿ."

ಅವಳು ಅದನ್ನು ಹೆಮ್ಮೆಯಿಂದಲೇ ಹೇಳಿದಳು. ಮೊದಲನೆಯ ಶವದ ಮುಂದೆ ಅವಳ ಜೊತೆಯವರಲ್ಲಿ ಇಬ್ಬರು ಹೊರಗೆ ಓಡಿದ್ದರು. ಅವಳು ಗೋಡೆಗೆ ಬೆನ್ನೂರಿ ಕೊನೆಯವರೆಗೆ ನಿಂತಿದ್ದಳು. ಮಾರುತೇಶ ನಕ್ಕು, "ನಮ್ಮ ಕಿಲಾರಿ ಮಗಳು ಹೆಣ ಕಾಯ್ತಾಳಂತೆ," ಎಂದು ಪಕ್ಕದವನಿಗೆ ಹೇಳಿದ. ದೀಪ ಹಚ್ಚುವ ಹೊತ್ತಿಗೆ ಆ ಮಾತು ಹಟ್ಟಿಯ ಎಲ್ಲ ಒಲೆಗಳ ಮುಂದೆ ಸುತ್ತಿತ್ತು.

ಮರುದಿನ ಯುಗಾದಿ. ಆ ದಿನ ದೇವರ ಎತ್ತುಗಳಲ್ಲಿ ಮುಂದಾಳಾದ ಎತ್ತಿಗೆ ಯಜಮಾನನ ಹೊಲದ ಹಸಿರು ಮೇವನ್ನು ಮೊದಲ ಮೀಸಲಾಗಿ ಉಣಿಸಬೇಕು. ಆಮೇಲೆಯೇ ಹಟ್ಟಿಯ ಮಿಕ್ಕ ದನಗಳಿಗೆ ಆ ವರ್ಷದ ಹಸಿರು. ಮೀಸಲನ್ನು ಕೊಯ್ದು ಹೊರುವವಳು ಆ ಮನೆಯ ಹೆಣ್ಣುಮಗಳು. ಹಾಗೆಂದೇ ನಿಂಗಕ್ಕ ಸಿದ್ದಾಪುರಕ್ಕೆ ಮದುವೆಯಾಗಿ ಹೋದ ಮೇಲೂ ಪ್ರತಿ ಯುಗಾದಿಗೆ ತವರಿಗೆ ಬರುತ್ತಿದ್ದಳು. ಆ ವರ್ಷ ದೊಡ್ಡೀರಪ್ಪ, "ಬೋರ್‌ವೆಲ್ ಹೊಲದ ಕಡೆ ಹೋಗ್ಬ್ಯಾಡಕ್ಕ, ರೊಪ್ಪದ ಪಕ್ಕದ ಹೊಲದಾಗೆ ಕೂಳೆ ಚಿಗುರೈತೆ, ಅದನ್ನೇ ಕೊಯ್ಯಿ," ಎಂದ. ಕೂಳೆ ಎಂದರೆ ಕೊಯ್ದ ಜೋಳದ ಬುಡ. ಎಂಟು ದಿನದ ಹಿಂದೆ ಬಿದ್ದ ಒಂದು ಅಕಾಲದ ಮಳೆಗೆ ಆ ಬುಡಗಳೆಲ್ಲ ಚಿಗುರಿ, ಮತ್ತೆ ಬಿಸಿಲಿಗೆ ಸಿಕ್ಕಿ ಗೇಣೆತ್ತರದಲ್ಲೇ ಬಾಡಿ ನಿಂತಿದ್ದವು. ನಿಂಗಕ್ಕ ಒಂದು ಕಂತೆ ಕೊಯ್ದು, ಅರಿಸಿನ ಹಚ್ಚಿ, ತಲೆಯ ಮೇಲೆ ಹೊತ್ತು ತಂದಳು.

ಮುಂದಾಳು ಎತ್ತಿನ ಹೆಸರು ಮುತ್ತಯ್ಯ. ಅಪ್ಪನಿಗೆ ಹೋಳಿಗೆ ತಂದ ಸೌಂದರ್ಯ ಬೇಲಿಯ ಈಚೆ ನಿಂತು ನೋಡುತ್ತಿದ್ದಂತೆಯೇ ಮುತ್ತಯ್ಯ ಕಂತೆಯ ಮುಕ್ಕಾಲು ಭಾಗ ಮೇಯಿತು. ಜನ ಕೈಮುಗಿದು ಇನ್ನೂ ಎದ್ದಿರಲಿಲ್ಲ. ಅದರ ಹಿಂಗಾಲು ನಡುಗಿತು. ಉಸಿರು ಕಮ್ಮಾರನ ತಿದಿಯಂತೆ ಹೊಯ್ದಾಡಿತು. ಬಾಯಲ್ಲಿ ನೊರೆ. ಎರ್ರಿಸ್ವಾಮಿ ಓಡಿಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಾಯಿ ಬಿಡಿಸಿದ. ಆಗ ಸೌಂದರ್ಯಳಿಗೆ ಅದರ ವಸಡು ಕಂಡಿತು. ಉಸಿರುಗಟ್ಟಿ ಸಾಯುವ ಜೀವದ ವಸಡು ನೀಲಿಗಟ್ಟಬೇಕು. ಇದು ಹೊಸ ರಕ್ತದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಆ ಕೆಂಪನ್ನು ಅವಳು ತರಗತಿಯ ಪರದೆಯ ಮೇಲೆ ನೋಡಿದ್ದಳು. ಸಯನೈಡ್ ತಿಂದ ದೇಹದಲ್ಲಿ ರಕ್ತ ಗಾಳಿಯನ್ನು ಹೊತ್ತೇ ತಿರುಗುತ್ತದೆ, ಮೈ ಅದನ್ನು ಇಳಿಸಿಕೊಳ್ಳಲಾರದು ಎಂದು ಅವಳ ಪ್ರಾಧ್ಯಾಪಕಿ ಮಂಗಳಗೌರಿ ಹೇಳಿದ್ದು ನೆನಪಾಯಿತು.

"ಅಪ್ಪಾ, ವಸಡು ನೋಡು! ಮೇವು ಕಿತ್ಕೋ, ಅದರ ಬಾಯಾಗಿಂದ ಮೇವು ಕಿತ್ಕೋ!"

"ಬೇಲಿಯಿಂದ ಆಚೆ ಹೋಗು!" ಎಂದು ದೊಡ್ಡೀರಪ್ಪ ಗುಡುಗಿದ. "ಯಾರು ಬಿಟ್ಟೋರು ಇವಳನ್ನ ಇಲ್ಲಿಗೆ?"

ಅರ್ಧ ಗಂಟೆಯೊಳಗೆ ಮುತ್ತಯ್ಯ ಸತ್ತಿತು. ಸಂಜೆಯ ಹೊತ್ತಿಗೆ ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡಿದರು. ಉಳಿದ ಮೀಸಲನ್ನೂ ಅದರ ಜೊತೆಯೇ ಗುಂಡಿಗೆ ಹಾಕಿದರು.

ಮೂರನೆಯ ದಿನ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಎರ್ರಿಸ್ವಾಮಿ ಕೆಳಗೆ ನೆಲದ ಮೇಲೆ ಕುಳಿತ. ಸೌಂದರ್ಯ ಅವ್ವನ ಪಕ್ಕದಲ್ಲಿ, ಹೆಂಗಸರ ಸಾಲಿನಲ್ಲಿ ನಿಂತಳು. ದೊಡ್ಡೀರಪ್ಪ ಮಾತನ್ನು ಸುತ್ತಿ ಬಳಸಲಿಲ್ಲ.

"ಹೆಣದ ಮನೆಯಾಗೆ ಕೈಯಾಡಿಸಿದೋಳು ಬಂದು ರೊಪ್ಪದ ಬೇಲಿ ಹಿಡಿದು ನಿಂತ್ಲು. ನಮ್ಮ ದೇವರು ಬಿದ್ದ. ಇದ್ರಾಗೆ ತಿಳ್ಕಳ್ಳೋಕೆ ಏನೈತೆ? ಮೈಲಿಗೆ."

"ನಾನು ಕೈಯಾಡ್ಸಿಲ್ಲ, ನೋಡಿದ್ದು," ಎಂದಳು ಸೌಂದರ್ಯ. "ಎತ್ತು ಸತ್ತಿದ್ದು ವಿಷದಿಂದ. ಅದರ ವಸಡು—"

"ಕೇಳಿದ್ರಾ? ವಿಷ ಅಂತೆ. ಯಾರು ಇಕ್ಕಿದ್ರಮ್ಮಾ ವಿಷ? ನಿಮ್ಮಪ್ಪನಾ?"

ಕಟ್ಟೆಯ ಮೇಲೆ ನಗು ಎದ್ದಿತು. ಉಗ್ರಪ್ಪನೆಂಬ ಹಿರಿಯ, "ಎರಡಕ್ಷರ ಕಲಿತ್ರೆ ದೇವರ ಬಾಯಿಗೂ ಬ್ಯಾಟರಿ ಬಿಡ್ತವೆ," ಎಂದ. ಎರ್ರಿಸ್ವಾಮಿ ತಲೆ ಎತ್ತಲಿಲ್ಲ. ಅಪ್ಪ ತಲೆ ಎತ್ತದಿದ್ದುದು ಸೌಂದರ್ಯಳಿಗೆ ಆ ನಗುವಿಗಿಂತ ಹೆಚ್ಚು ಉರಿಯಿತು.

ತೀರ್ಮಾನ ಹೀಗಾಯಿತು. ಹನ್ನೊಂದನೆಯ ದಿನದ ಕಾರ್ಯದಲ್ಲಿ ಹುಡುಗಿ ಕಾದ ಚಿನ್ನದ ಕಡ್ಡಿಯಿಂದ ನಾಲಿಗೆ ಸುಡಿಸಿಕೊಂಡು ಶುದ್ಧಳಾಗಬೇಕು. ಆ ಓದನ್ನು ಬಿಡಬೇಕು. ಒಪ್ಪದಿದ್ದರೆ ಎರ್ರಿಸ್ವಾಮಿ ಕಿಲಾರಿತನ ಬಿಟ್ಟು ರೊಪ್ಪದಿಂದ ಹೊರಡಬೇಕು.

ಮನೆಗೆ ಬಂದ ಮೇಲೆ ಅವ್ವ ಒಲೆಯ ಮುಂದೆ ಕುಳಿತು ಮೆಲ್ಲಗೆ ಹೇಳಿದಳು. "ಒಂದು ಚಣ ಉರೀತೈತೆ, ಅಷ್ಟೇ ಕಣೇ. ನಿಮ್ಮಪ್ಪ ರೊಪ್ಪ ಬಿಟ್ರೆ ಬದುಕಲ್ಲ."

"ನಾಲಿಗೆ ಒಂದು ಚಣ ಉರೀತೈತೆ ಅವ್ವಾ. ಓದು ಬಿಟ್ರೆ? ಅದು ಎಷ್ಟು ಚಣ?"

ಅವ್ವ ಕಟ್ಟಿಗೆಯನ್ನು ಒಲೆಯೊಳಗೆ ತಳ್ಳಿದಳು. ಸೌಂದರ್ಯ ಮರುದಿನ ಬೆಳಗಿನ ಬಸ್ಸಿಗೆ ಹೊರಟಳು. ಹೊರಡುವ ಮುಂಚೆ ರೊಪ್ಪದ ಪಕ್ಕದ ಹೊಲಕ್ಕೆ ಹೋಗಿ ಒಂದು ಹಿಡಿ ಕೂಳೆ ಚಿಗುರು ಕಿತ್ತು ಚೀಲದಲ್ಲಿ ಹಾಕಿಕೊಂಡಳು. ಹೊಲದ ಬೇಲಿಯ ಗಂಡಿಗೆ, ದನ ನುಗ್ಗುವ ಆ ಒಂದೇ ಜಾಗಕ್ಕೆ, ಜಾಲಿಮುಳ್ಳಿನ ಹೊರೆ ಅಡ್ಡ ಹಾಕಿತ್ತು. ಅವಳು ಪಕ್ಕಕ್ಕೆ ಸರಿದು ಬೇಲಿ ದಾಟಬೇಕಾಯಿತು. ಪಾದದ ಮೇಲೆ ಗೀರು ಬಿತ್ತು.

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅವಳು ಆ ಎಲೆಗಳನ್ನು ಅರೆದು ಬಾಟಲಿಗೆ ಹಾಕಿ, ಹಳದಿ ಕಾಗದದ ಪಟ್ಟಿಯೊಂದನ್ನು ಒಳಗೆ ತೂಗುಬಿಟ್ಟು ಮುಚ್ಚಳ ಬಿಗಿದಳು. ಎಲೆಯಿಂದ ಸಯನೈಡ್ ಆವಿ ಎದ್ದರೆ ಆ ಹಳದಿ ಇಟ್ಟಿಗೆಯ ಕೆಂಪಾಗುತ್ತದೆ. ಅವಳು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅದು ಕೆಂಪಾಗಿತ್ತು. ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು ಅವಳು ಮಂಗಳಗೌರಿಯವರ ಕೋಣೆಗೆ ಓಡಿದಳು.

ಮಂಗಳಗೌರಿ ಕನ್ನಡಕ ಸರಿಮಾಡಿಕೊಂಡು ಬಾಟಲಿಯನ್ನಲ್ಲ, ಅವಳನ್ನು ನೋಡಿದರು.

"ಎಲೆ ಎಲ್ಲಿಯದು?"

"ನಮ್ಮೂರಿನ ಹೊಲದ್ದು ಮೇಡಂ."

"ಯಾರ ಹೊಲ? ಎಷ್ಟು ಗಂಟೆಗೆ ಕಿತ್ತೆ? ಯಾರ ಎದುರಿಗೆ?"

"ಯಾರೂ ಇರಲಿಲ್ಲ."

"ಬಸ್ಸಿನಲ್ಲಿ ಚೀಲ ಎಲ್ಲಿತ್ತು?"

"ಕಾಲ ಹತ್ತಿರ. ಒಂದು ಸಲ ಮೇಲೆ ಇಟ್ಟಿದ್ದೆ. ನಿದ್ದೆ ಬಂದಿತ್ತು."

"ಹಾಗಾದರೆ ನಿನ್ನ ಕೈಯಲ್ಲಿರೋದು ಎಲೆ, ಸಾಕ್ಷ್ಯ ಅಲ್ಲ. ಇದೇ ಪಾಠವನ್ನು ನಾನು ಒಂದೂವರೆ ವರ್ಷದಿಂದ ಹೇಳ್ತಾ ಇದ್ದೀನಿ."

"ಮೇಡಂ, ಅಲ್ಲಿ ನನ್ನ ನಾಲಿಗೆ ಸುಡ್ತಾರೆ. ಅವರಿಗೇನು ಸಾಕ್ಷ್ಯ ಇದೆ?"

"ಏನೂ ಇಲ್ಲ. ಅವರಿಗೆ ಬೇಕಾಗಿಲ್ಲ. ನಿನಗೆ ಬೇಕು, ಯಾಕೆಂದರೆ ನೀನು ಒಬ್ಬಳೇ." ಅವರು ಎದ್ದು ಬೀರುವಿನಿಂದ ಹೊಸ ಪಟ್ಟಿಗಳನ್ನೂ ಎರಡು ಗಾಜಿನ ಬಾಟಲಿಗಳನ್ನೂ ಆವಿಯನ್ನು ಬೇಗ ಏಳಿಸುವ ದ್ರವದ ಒಂದು ಸಣ್ಣ ಸೀಸೆಯನ್ನೂ ತೆಗೆದು ಮೇಜಿನ ಮೇಲಿಟ್ಟರು. "ಅಲ್ಲಿಯೇ ಮಾಡು. ಅವರ ಕಣ್ಣೆದುರಿಗೆ. ಅವರ ಕೈಯಿಂದಲೇ ಎಲೆ ಕೀಳಿಸು. ಪಂಚನಾಮೆ ಬರೆ. ಕಾನೂನಿಗೆ ಇಬ್ಬರು ಸಾಕ್ಷಿಗಳು ಸಾಕು. ನಿಮ್ಮ ಹಟ್ಟಿಗೆ ಐವರು ಬೇಕು. ಸಿಟ್ಟು ಬಂದಿದೆಯಾ?"

"ಬಂದಿದೆ."

"ಇರಲಿ. ಸಿಟ್ಟಿನಲ್ಲೇ ಬರೆ. ಸಮಯ ಹಾಕಿ ಬರೆ."

ಅವಳು ಹತ್ತನೆಯ ದಿನ ಸಂಜೆ ಹಟ್ಟಿಗೆ ಬಂದಳು. ಹನ್ನೊಂದನೆಯ ದಿನ ಬೆಳಗ್ಗೆ ಕಾರ್ಯಕ್ಕೆಂದು ಎಲ್ಲರೂ ರೊಪ್ಪದ ಬಳಿ ನೆರೆದಿದ್ದರು. ಪೂಜಾರಿ ಅಜ್ಜಪ್ಪ ಕೆಂಡದ ಕುಡಿಕೆಯನ್ನು ಊದುತ್ತಿದ್ದ. ಅದರ ಪಕ್ಕದಲ್ಲಿ ಎಲೆಯ ಮೇಲೆ ಚಿನ್ನದ ಕಡ್ಡಿ. ಸೌಂದರ್ಯ ನೇರ ಅವನ ಮುಂದೆ ಹೋಗಿ ನಿಂತಳು.

"ಅಜ್ಜಾ, ನಾಲಿಗೆ ಸುಡೋಕೆ ಮುಂಚೆ ನನ್ನದೊಂದು ಕೆಲಸ ಐತೆ. ನೀವು ಆ ಹೊಲದಿಂದ ನಾಲ್ಕು ಕೂಳೆ ಚಿಗುರು ಕಿತ್ತು ತರ್ಬೇಕು. ನಾನು ಮುಟ್ಟಲ್ಲ."

"ಯಾಕೆ?" ಎಂದ ದೊಡ್ಡೀರಪ್ಪ.

"ಮುಟ್ಟಿದ್ರೆ ಮೈಲಿಗೆ ಅಂತೀರಿ ಅದಕ್ಕೆ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅಜ್ಜಪ್ಪ ಎದ್ದು ಹೋಗಿ ಚಿಗುರು ಕಿತ್ತು ತಂದ. ಉಗ್ರಪ್ಪನಿಂದ ಅವಳು ಒಂದು ಹಿಡಿ ಗರಿಕೆ ಕೀಳಿಸಿದಳು. ಎರಡನ್ನೂ ಅವರವರ ಕೈಯಿಂದಲೇ ಬೇರೆ ಬೇರೆ ಕಲ್ಲಿನ ಮೇಲೆ ಜಜ್ಜಿಸಿ, ಎರಡು ಬಾಟಲಿಗೆ ಹಾಕಿಸಿ, ಸೀಸೆಯಿಂದ ನಾಲ್ಕು ನಾಲ್ಕು ಹನಿ ಬಿಟ್ಟು, ಹಳದಿ ಪಟ್ಟಿ ತೂಗಿಸಿ ಮುಚ್ಚಿದಳು. ಗಡಿಯಾರ ನೋಡಿ ಬರೆದುಕೊಂಡಳು: ಎಂಟು ಗಂಟೆ ಹನ್ನೆರಡು ನಿಮಿಷ. ಬಾಟಲಿಗಳು ಬಿಸಿಲಿಗೆ ಕಾದ ಬಂಡೆಯ ಮೇಲೆ ಕುಳಿತವು. ಜನ ಸುತ್ತ ನಿಂತರು. ಕಾರ್ಯದ ಅಡುಗೆಯವರೂ ಸೌಟು ಹಿಡಿದೇ ಬಂದು ಇಣುಕಿದರು.

ಗರಿಕೆಯ ಬಾಟಲಿಯ ಪಟ್ಟಿ ಹಳದಿಯಾಗಿಯೇ ಉಳಿಯಿತು. ಕೂಳೆಯ ಬಾಟಲಿಯದು ಮೊದಲು ಕಿತ್ತಳೆಯಾಗಿ, ಆಮೇಲೆ ಅಂಚಿನಿಂದ ಕೆಂಪೇರುತ್ತ ಬಂದು, ಎಂಟೂ ನಲವತ್ತಕ್ಕೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಇದು ವಿಷ. ಮುತ್ತಯ್ಯ ತಿಂದಿದ್ದು ಇದೇ," ಎಂದಳು ಸೌಂದರ್ಯ.

ಯಾರೂ ಬೆಚ್ಚಲಿಲ್ಲ. ಅಜ್ಜಪ್ಪ ಮೀಸೆ ನೇವರಿಸಿ, ತೀರ ಸಹಜವಾಗಿ ಹೇಳಿದ. "ಇದಕ್ಕೆ ಬಾಟ್ಲಿ ಯಾಕವ್ವ? ಮಳೆ ಬಿದ್ದು ಬಾಡಿದ ಕೂಳೆ ಚಿಗುರು ದನಕ್ಕೆ ಆಗಲ್ಲ ಅಂತ ಹಟ್ಟಿಗೆಲ್ಲ ಗೊತ್ತೈತೆ. ನನ್ನ ಮೊಮ್ಮಗನ್ನ ಕೇಳು, ಅವನೂ ಹೇಳ್ತಾನೆ."

ಸೌಂದರ್ಯ ಅವನ ಮುಖವನ್ನೇ ನೋಡಿದಳು. ಆಮೇಲೆ ಒಬ್ಬೊಬ್ಬರ ಮುಖವನ್ನೂ. ಅವರೆಲ್ಲರೂ ತಿಳಿದವರ ಮುಖ ಹೊತ್ತು ನಿಂತಿದ್ದರು. ಎರಡು ಬಸ್ಸು ಬದಲಿಸಿ ಅವಳು ಹೊತ್ತು ತಂದ ಸತ್ಯ ಹನ್ನೊಂದು ದಿನದಿಂದ ಇದೇ ಬಂಡೆಯ ಮೇಲೆ ಬಿದ್ದಿತ್ತು. ಎಲ್ಲರೂ ಅದನ್ನು ದಾಟಿ ದಾಟಿ ಓಡಾಡಿದ್ದರು.

"ಗೊತ್ತಿತ್ತಾ?" ಅವಳ ದನಿ ಒಡೆಯಿತು. "ಗೊತ್ತಿದ್ದೂ ಕಟ್ಟೆ ಮೇಲೆ ಕೂತು ನಕ್ರಾ?"

"ಅದು ಮಾಮೂಲಿ ದನಕ್ಕಮ್ಮ," ಎಂದ ಉಗ್ರಪ್ಪ. "ದೇವರ ಎತ್ತಿಗೆ ಹತ್ತಲ್ಲ."

"ಹತ್ತಿತಲ್ಲ!"

"ಅದನ್ನೇ ನಾನೂ ಹೇಳೋದು," ಎಂದು ದೊಡ್ಡೀರಪ್ಪ ಮುಂದೆ ಬಂದ. ಅವನ ದನಿಯಲ್ಲಿ ಗೆದ್ದವನ ತಾಳ್ಮೆಯಿತ್ತು. "ದೇವರಿಗೆ ಹತ್ತಬಾರದ ವಿಷ ಹತ್ತಿತು ಅಂದ್ರೆ ದೇವರ ಬಲ ಯಾರೋ ಕಳೆದಿರ್ಬೇಕು. ನಿನ್ನ ಕಾಗ್ದಾನೂ ಅದನ್ನೇ ಹೇಳ್ತೈತೆ. ಅಜ್ಜಾ, ಕಡ್ಡಿ ಕಾಯಿಸು."

ಸೌಂದರ್ಯ ಕಿರುಚಲಿಲ್ಲ. ಕೋಪ ಅವಳ ತಲೆಯನ್ನು ಕೆಡಿಸುವ ಬದಲು ಒರೆಸಿಟ್ಟ ಗಾಜಿನಂತೆ ಮಾಡಿತು ಎಂದು ನಿಂಗಕ್ಕನ ಮಾತು. ಅವಳು ಹೊಲದ ಗಂಡಿಯ ಬಳಿ ನಡೆದಳು. ಜನರೂ ಹಿಂದೆ ನಡೆದರು. ಜಾಲಿಮುಳ್ಳಿನ ಹೊರೆಯ ಎರಡು ಕಡೆ ಗೂಟ ಹೂತಿತ್ತು. ಗೂಟದ ಬುಡಕ್ಕೆ ಕೆಸರು ಮೆತ್ತಿ, ಮೇಲೆ ಕಾಲಿನಿಂದ ತುಳಿದ ಗುರುತುಗಳು ಸುಟ್ಟ ಹೆಂಚಿನಂತೆ ಗಟ್ಟಿಯಾಗಿದ್ದವು.

"ಈ ಮಣ್ಣು ಹಸಿ ಇದ್ದಾಗ ತುಳಿದಿದ್ದು. ಮಳೆ ಬಿದ್ದಿದ್ದು ಯುಗಾದಿಗೆ ಎಂಟು ದಿನ ಮುಂಚೆ. ಆಮೇಲೆ ಹನಿ ಬಿದ್ದಿಲ್ಲ. ಅಂದ್ರೆ ಹಬ್ಬಕ್ಕೆ ಮುಂಚೇನೇ ಈ ಮುಳ್ಳು ಹಾಕೈತೆ. ಯಜಮಾನ್ರೇ, ನಿಮ್ಮ ದನ ಈ ಹೊಲಕ್ಕೆ ನುಗ್ಗದ ಹಂಗೆ ಮುಳ್ಳು ಹಾಕಿಸಿದ್ರಿ. ನಿಮ್ಮ ದನ ಸಾಯಬಾರ್ದು ಅಂತ."

"ಹಾಕಿಸಿದೆ. ನನ್ನವು ದೇವರ ದನ ಅಲ್ಲ, ಹಾಕಿಸಿದೆ. ಏನೀಗ?"

ಮತ್ತೆ ಅವನ ಮಾತು ಎಲ್ಲಿಯೂ ಸಿಕ್ಕಿಬೀಳಲಿಲ್ಲ. ಸೌಂದರ್ಯಳ ವಿದ್ಯೆ ಅಷ್ಟಕ್ಕೆ ನಿಂತಿತು. ಮುಂದಿನ ಹೆಜ್ಜೆ ಇಟ್ಟವಳು ನಿಂಗಕ್ಕ. ಹೆಂಗಸರ ಸಾಲನ್ನು ಸೀಳಿಕೊಂಡು ಬಂದು ಅವಳು ತಮ್ಮನ ಎದುರು ನಿಂತಳು.

"ಲೇ ದೊಡ್ಡೀರ, ಮೀಸಲು ಅಂದ್ರೆ ಏನೋ?"

"ನೀನು ಸುಮ್ನಿರಕ್ಕ."

"ನಲವತ್ತೆಂಟು ವರ್ಷ ಹೊತ್ತಿದೀನಿ, ಸುಮ್ನಿರಲ್ಲ. ದೇವರಿಗೆ ಹತ್ತಲ್ಲ ಅಂತ ನಾನೂ ನಂಬಿ ಈ ಚಿಗುರು ಕೊಯ್ದೆ. ನಾವು ಉಣ್ಣೋದ್ರಾಗೆ ಮೊದಲ್ನೇ ತುತ್ತು ಮೀಸಲು. ನಮ್ಮ ದನ ಮೇಯೋದ್ರಾಗೆ ಮೊದಲ್ನೇ ಹಿಡಿ ಮೀಸಲು. ನಿನ್ನ ದನಕ್ಕೆ ಮುಳ್ಳು ಹಾಕಿ ತಪ್ಪಿಸಿದ್ದನ್ನ ನನ್ನ ತಲೆ ಮೇಲೆ ಹೊರಿಸಿ ದೇವರ ಬಾಯಿಗೆ ಇಕ್ಕಿಸಿದೆಯಲ್ಲೋ, ಅದು ಮೀಸಲು ಹೆಂಗೋ ಆಗ್ತೈತೆ? ಬೋರ್‌ವೆಲ್ ಹೊಲದಾಗೆ ಎದೆಯೆತ್ತರ ಹಸಿರು ಮುಸುಕಿನಜೋಳ ನಿಂತಿತ್ತು. ಅದನ್ನ ಸಂತೆಗೆ ಹಾಕಿದೆ. ಯಾರಿಗೂ ಬೇಡಾದ್ದು ದೇವರಿಗೆ."

ಕಾಗದದ ಕೆಂಪು ಮಾಡದಿದ್ದುದನ್ನು ಈ ಮಾತು ಮಾಡಿತು. ಅಜ್ಜಪ್ಪ ಕೆಂಡ ಊದುವುದನ್ನು ನಿಲ್ಲಿಸಿದ. ಉಗ್ರಪ್ಪ ಟವೆಲ್ಲು ಕೊಡವಿ ಹೆಗಲು ಬದಲಿಸಿದ. ಗಂಡಸರು ಒಬ್ಬರನ್ನೊಬ್ಬರು ನೋಡದೆ ಹೊಲದ ಕಡೆ ನೋಡಿದರು.

ದೊಡ್ಡೀರಪ್ಪ ಏರಿದ ಬಿಸಿಲಿನ ಕಡೆ ನೋಡಿದ. ಆಮೇಲೆ, "ಆಯ್ತು. ಎರ್ರಿಸ್ವಾಮಿ ಕಿಲಾರಿಯಾಗೇ ಇರ್ಲಿ," ಎಂದ. "ಕಾರ್ಯಕ್ಕೆ ಹೊತ್ತಾಯ್ತು. ಹುಡುಗಿ ಓದಾದ್ರೂ ಓದ್ಕಳ್ಳಿ. ಶಾಸ್ತ್ರಕ್ಕೆ ಒಂದು ಸಲ ಕಡ್ಡಿ ಮುಟ್ಟಿಸಿ ಕಳಿಸಿಬಿಡ್ರಿ. ಊರ ಬಾಯಿ ಮುಚ್ಚಬೇಕಲ್ಲ."

"ಯಾರ ಬಾಯಿ?" ಎಂದಳು ಸೌಂದರ್ಯ. "ಸುಡೋದು ನನ್ನ ನಾಲಿಗೆ, ಮುಚ್ಚೋದು ಊರ ಬಾಯಾ?"

ಆಗ ಎರ್ರಿಸ್ವಾಮಿ ಎದ್ದ. ಅಷ್ಟು ದಿನ ತಲೆ ಎತ್ತದಿದ್ದವನು. ಯಾರ ಮುಖವನ್ನೂ ನೋಡದೆ ರೊಪ್ಪದ ಬಾಗಿಲಿಗೆ ಹೋಗಿ, ಅಡ್ಡ ಹಾಕಿದ್ದ ಉಣುಗೋಲಿನ ಮೇಲೆ ತನ್ನ ಕಿಲಾರಿಕೋಲನ್ನು ಇಟ್ಟು, ಹತ್ತು ಹೆಜ್ಜೆ ಈಚೆ ಬಂದು ಕುಕ್ಕರುಗಾಲಲ್ಲಿ ಕುಳಿತ.

"ನನ್ನ ಮಗಳು ಮೈಲಿಗೆ ಆದ್ರೆ ನಾನೂ ಮೈಲಿಗೆ. ಅವಳು ತಂದ ಹೋಳಿಗೆ ಈ ಕೈಯಾಗೇ ತಿಂದೀನಿ. ಈ ಕೈ ಉಣುಗೋಲು ಮುಟ್ಟಲ್ಲ. ನಿಮ್ಮಾಗೆ ಶುದ್ಧ ಇರೋರು ಯಾರಿದ್ದೀರೋ ಬರ್ರಿ, ತೆಗೀರಿ. ಹೊತ್ತು ಮೀರೈತೆ, ಎತ್ತು ಮೇವಿಗೆ ಹೋಗ್ಬೇಕು."

ಯಾರೂ ಅಲ್ಲಾಡಲಿಲ್ಲ. ಕಿಲಾರಿ ಬಿಟ್ಟ ಉಣುಗೋಲನ್ನು ಮೊದಲು ಎತ್ತಿದವನೇ ಮುಂದಿನ ಕಿಲಾರಿ ಎಂಬುದು ಆ ಹಟ್ಟಿಯ ಕಟ್ಟಳೆ. ಆ ಕ್ಷಣದಿಂದ ಅವನು ಚಪ್ಪಲಿ ಮೆಟ್ಟುವಂತಿಲ್ಲ, ಮಂಚ ಹತ್ತುವಂತಿಲ್ಲ, ಸಾಯುವವರೆಗೆ ರೊಪ್ಪ ಬಿಟ್ಟು ಬೇರೆಲ್ಲೂ ಮಲಗುವಂತಿಲ್ಲ. ಕಿಲಾರಿಯ ಕಾಲಿಗೆ ಬೀಳಲು ಹಟ್ಟಿಯಲ್ಲಿ ಎಲ್ಲರೂ ಸಿದ್ಧ. ಆ ಕಾಲು ತಮ್ಮದಾಗಲು ಒಬ್ಬನೂ ಸಿದ್ಧನಿಲ್ಲ.

ಒಳಗೆ ಒಂದು ಎತ್ತು ಕೂಗಿತು. ಅದಕ್ಕೆ ಇನ್ನೊಂದು ಕೂಗಿತು. ಸ್ವಲ್ಪ ಹೊತ್ತಿನಲ್ಲಿ ನಲವತ್ತೈದೂ ಬೇಲಿಗೆ ಬಂದು ಒತ್ತಿ ನಿಂತು ಕೂಗತೊಡಗಿದವು. ಎರ್ರಿಸ್ವಾಮಿಯ ಕಣ್ಣಿಂದ ನೀರು ಇಳಿಯಿತು, ಅವನು ಕದಲಲಿಲ್ಲ.

"ಲೇ ಮಾರುತೇಶ, ಹೋಗಿ ತೆಗೆಯೋ," ಎಂದ ದೊಡ್ಡೀರಪ್ಪ.

ಮಾರುತೇಶ ತನ್ನ ಹೊಸ ಬೂಟು ನೋಡಿಕೊಂಡ. "ನಂಗೆ ಮುಂದಿನ ತಿಂಗಳು ಮದ್ವೆ ಐತಪ್ಪೋ."

"ಉಗ್ರಪ್ಪಾ?"

"ಯಜಮಾನ್ರೇ ಇರೋವಾಗ ನಾನು ಮುಂದೆ ಬೀಳೋದಾ? ನೀವೇ ತೆಗೀರಿ."

"ಅಜ್ಜಾ?"

"ನಂಗೆ ಮಂಡಿ ನೋವೈತೆ," ಎಂದ ಅಜ್ಜಪ್ಪ.

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸೌಂದರ್ಯ ನಗಲಿಲ್ಲ. ಬಂಡೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದಳು. ಬರೆದು ಮುಗಿದ ಮೇಲೆ ಎತ್ತುಗಳ ಕೂಗಿನ ಮೇಲೆ ದನಿ ಏರಿಸಿ ಓದಿದಳು:

"ಈ ದಿನ ಬೆಳಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ನಮ್ಮ ಸಮಕ್ಷಮದಲ್ಲಿ ಯಜಮಾನ ದೊಡ್ಡೀರಪ್ಪನವರ ಹೊಲದಿಂದ ಪೂಜಾರಿ ಅಜ್ಜಪ್ಪನವರು ಕಿತ್ತ ಜೋಳದ ಕೂಳೆ ಚಿಗುರನ್ನು ಪರೀಕ್ಷಿಸಲಾಯಿತು. ಎಂಟು ಗಂಟೆ ನಲವತ್ತು ನಿಮಿಷಕ್ಕೆ ಕಾಗದ ಕೆಂಪಾದದ್ದನ್ನು ನಾವು ನೋಡಿದೆವು. ಈ ಚಿಗುರು ದನಗಳಿಗೆ ವಿಷವೆಂಬುದು ನಮಗೆ ಮೊದಲೇ ತಿಳಿದಿತ್ತು. ಯುಗಾದಿಯ ದಿನ ಮುತ್ತಯ್ಯನಿಗೆ ಉಣಿಸಿದ್ದು ಇದೇ ಹೊಲದ ಚಿಗುರು. ಎರ್ರಿಸ್ವಾಮಿಯ ಮಗಳು ಸೌಂದರ್ಯಳಿಂದ ಯಾವ ಮೈಲಿಗೆಯೂ ಆಗಿಲ್ಲ. ಹಾಗೆ ಅಂದದ್ದು ನಮ್ಮ ಸುಳ್ಳು." ಓದಿ, "ಐವರು ಸಹಿ ಹಾಕ್ರಿ, ಅಪ್ಪನ ಕೈಯ ಮೈಲಿಗೇನೂ ಹೋಗ್ತೈತೆ," ಎಂದಳು.

"ಸುಳ್ಳು ಅನ್ನೋದು ತೆಗಿ," ಎಂದ ದೊಡ್ಡೀರಪ್ಪ. "ತಪ್ಪು ಅಂತ ಬರಿ."

"ಗೊತ್ತಿಲ್ದೆ ಅಂದಿದ್ರೆ ತಪ್ಪು ಅಂತ ಬರೀತಿದ್ದೆ."

ಒಂದು ಎತ್ತು ಬೇಲಿಗೆ ಹಾಯ್ದು ಕುತ್ತಿಗೆಯಲ್ಲಿ ಮುಳ್ಳು ಚುಚ್ಚಿಸಿಕೊಂಡಿತು. ಮೊದಲು ಹೆಬ್ಬೆಟ್ಟು ಒತ್ತಿದವಳು ನಿಂಗಕ್ಕ. ಆಮೇಲೆ ಅಜ್ಜಪ್ಪ. ಆಮೇಲೆ ಉಗ್ರಪ್ಪ, ಮಾರುತೇಶ. ಐದನೆಯ ಸಾಲು ಖಾಲಿ ಉಳಿಯಿತು. ದೊಡ್ಡೀರಪ್ಪ ಸುತ್ತ ನೋಡಿದ. ಬೇರೆ ಯಾರಾದರೂ ಬಂದಾರೆಂದು. ಬರಬಹುದಾಗಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಹನ್ನೊಂದೂ ಇಪ್ಪತ್ತಕ್ಕೆ ಅವನು ಸಹಿ ಹಾಕಿದ. ಅವಳು ಅದರ ಮುಂದೆ ಸಮಯವನ್ನೂ ಬರೆಸಿದಳು.

ಎರ್ರಿಸ್ವಾಮಿ ಎದ್ದು ಉಣುಗೋಲು ಸರಿಸಿದ. ಎತ್ತುಗಳು ಅವನ ಎರಡೂ ಬದಿಯಿಂದ ನುಗ್ಗಿ ಬಯಲಿಗೆ ಇಳಿದವು. ಹೋಗುವಾಗ ಅವನು ಮಗಳ ಮುಂದೆ ಒಂದು ಗಳಿಗೆ ನಿಂತು, "ಬಸ್ಸು ಎಷ್ಟೊತ್ತಿಗೆ?" ಎಂದು ಮಾತ್ರ ಕೇಳಿದ.

"ಎರಡೂವರೆಗೆ."

"ಉಂಡು ಹೋಗು."

ಅವಳು ಉಣ್ಣಲಿಲ್ಲ. ಕಾರ್ಯದ ಪಂಕ್ತಿಯಲ್ಲಿ ಎಲೆ ಹಾಕಿ ಕರೆದರು. ಉಗ್ರಪ್ಪನೇ ಬಂದು, "ಆಗಿದ್ದಾಯ್ತು ಬಾರವ್ವ, ನಮ್ಮ ಹುಡುಗಿ ನೀನು," ಎಂದ. ಸಹಿ ಹಾಕಿದ ಐವರಲ್ಲಿ ಗಂಡಸರು ನಾಲ್ವರು. ಆ ನಾಲ್ವರಲ್ಲಿ ಒಬ್ಬನೂ ಮೈಲಿಗೆಯ ಮಾತು ಸುಳ್ಳೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, ಪಂಚನಾಮೆಯನ್ನು ಪುಸ್ತಕದ ನಡುವೆ ಇಟ್ಟುಕೊಂಡು ಅವಳು ಬಿಸಿಲಲ್ಲಿ ರಸ್ತೆಗೆ ನಡೆದಳು. ನಿಂಗಕ್ಕನೂ ಅದೇ ಬಸ್ಸಿಗೆ ಹೊರಟಳು. ತಮ್ಮ ಅವಳಿಗೆ ಹಬ್ಬದ ಸೀರೆ ಕೊಡಲಿಲ್ಲ, ಹೋಗಿ ಬಾ ಎನ್ನಲಿಲ್ಲ. ಚಳ್ಳಕೆರೆಯವರೆಗೆ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತಿದ್ದರು. ಆಗಲೇ ಹುಡುಗಿ ತನ್ನ ಪ್ರಯೋಗಾಲಯದ ಸಂಗತಿಯನ್ನೆಲ್ಲ ಅವಳಿಗೆ ಹೇಳಿದ್ದು.

"ಸಿಟ್ಟು ಇಳೀತಾ ತಾಯಿ?" ಎಂದು ಇಳಿಯುವಾಗ ನಿಂಗಕ್ಕ ಕೇಳಿದಳು.

"ಇಲ್ಲತ್ತೆ. ಅವರಿಗೆ ಗೊತ್ತಿರ್ಲಿಲ್ಲ ಅಂತ ಆಗಿದ್ರೆ ಇಳೀತಿತ್ತು."

ನಿಂಗಕ್ಕ ಇಷ್ಟು ಹೇಳಿ ರಾಟೆ ನಿಲ್ಲಿಸಿ, ತುಂಬಿದ ಕಂಡಿಕೆಯನ್ನು ಬುಟ್ಟಿಗೆ ಹಾಕಿದಳು. ಜಗುಲಿಯ ಅಂಚಿನಲ್ಲಿದ್ದ ಜಗದಾಂಬ, "ನೀನು ಆಮೇಲೆ ತವರಿಗೆ ಹೋಗ್ಲಿಲ್ವಾ?" ಎಂದು ಕೇಳಿದಳು.

"ಯಾರು ಕರೀತಾರೆ? ಈ ಸಲ ಮೀಸಲು ಅವನ ಸೊಸೆ ಹೊತ್ತಳಂತೆ."

"ಯಾವ ಹೊಲದ್ದಂತೆ?"

"ಬೋರ್‌ವೆಲ್ ಹೊಲದ್ದು."

ಯಾರೋ "ಥೂ" ಎಂದರು. ಮಗ್ಗದ ಮನೆಯಿಂದ ಕಂಡಿಕೆಗೆ ಕೂಗು ಬಂತು. ಹೆಂಗಸರು ತಮ್ಮ ತಮ್ಮ ಬುಟ್ಟಿ ಎತ್ತಿಕೊಂಡು, ಸೆರಗಿಗೆ ಅಂಟಿದ ರೇಷ್ಮೆಯ ಎಳೆ ಕೊಡವಿ, ಒಬ್ಬೊಬ್ಬರಾಗಿ ಜಗುಲಿ ಇಳಿದು ಮನೆಗೆ ಹೋದರು.